ಏಳನೆಯ ಕೋಣೆಯ ಪೆಟ್ಟಿಗೆಗಳು

ಈ ವಯಸ್ಸಿನಲ್ಲಿ ಮೊಮ್ಮಗಳ ಪಕ್ಕ ಕೂತು ಮೊಬೈಲಿನಲ್ಲಿ ಪೆಟ್ಟಿಗೆ ತಳ್ಳುವ ಆಟ ಆಡುತ್ತೇನೆ. ಆಡುತ್ತೇನೆ, ಏನೀಗ? ಸೊಂಟ ನೋವು, ಕಣ್ಣಿಗೆ ಪೊರೆ, ನಿನಗಿದೆಲ್ಲ ಬೇಕಾ ಎಂದು ಮಗಳು ಗೊಣಗುತ್ತಾಳೆ. ಗೊಣಗಲಿ. ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಒತ್ತಕ್ಷರಗಳನ್ನು ಮೊಮ್ಮಗಳು ತಿದ್ದುತ್ತಾಳೆ, ಒಪ್ಪುತ್ತೇನೆ. ಆದರೆ ಈ ಆಟದಲ್ಲಿ ನನ್ನನ್ನು ತಿದ್ದುವವರು ಇನ್ನೂ ಹುಟ್ಟಿಲ್ಲ. ಇವತ್ತು ಎಷ್ಟು ಸಂತೋಷವಾಗಿದೆ ಎಂದರೆ ಬರೆಯದಿದ್ದರೆ ಎದೆ ಒಡೆದು ಹೋದೀತು. ಯಾಕೆ ಎಂದು ಹೇಳಬೇಕಾದರೆ ಚನ್ನಗಿರಿಯ ನಮ್ಮ ಅತ್ತೆಮನೆಗೆ, ಟೀವಿಗೆ ಕಸೂತಿ ಬಟ್ಟೆ ಹೊದಿಸಿಡುತ್ತಿದ್ದ ಕಾಲಕ್ಕೆ ಹೋಗಬೇಕು.

ನನ್ನ ತವರು ಜಗಳೂರು ಕಡೆ. ಶೇಂಗಾ, ರಾಗಿ, ಜೋಳ, ಅಷ್ಟೇ. ಕೊಟ್ಟಿದ್ದು ಚನ್ನಗಿರಿಯ ಅಡಿಕೆ ವ್ಯಾಪಾರದ ಮನೆಗೆ. ಮಾವ ಮಂಡಿ ನಡೆಸುತ್ತಿದ್ದರು. ನಮ್ಮ ಯಜಮಾನರು ಮತ್ತು ಅವರ ತಮ್ಮ, ಎಂದರೆ ನನ್ನ ಮೈದುನ, ಇಬ್ಬರೂ ಅಲ್ಲೇ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೊಂಬಾಯಿಗೆ ಅಡಿಕೆ ಲೋಡಿನ ಜೊತೆ ಹೋಗಿದ್ದ ಮೈದುನ ಬರುವಾಗ ಟೀವಿಗೆ ವೈರು ಚುಚ್ಚಿ ಆಡುವ ಒಂದು ಡಬ್ಬಿ ತಂದ. ಊರಿನಲ್ಲಿ ಅದನ್ನು ವೀಡಿಯೋ ಗೇಮು ಎನ್ನುತ್ತಿದ್ದರು. ವಿಮಾನ ಹೊಡೆಯುವುದು, ಕಾರು ಓಡಿಸುವುದು, ಇನ್ನೂ ಏನೇನೋ ಅದರಲ್ಲಿತ್ತು. ಅವೆಲ್ಲ ಒಂದು ವಾರಕ್ಕೇ ಸಪ್ಪೆಯಾದವು. ಉಳಿದದ್ದು ಪೆಟ್ಟಿಗೆ ಆಟ ಒಂದೇ.

ಗೋದಾಮಿನಂಥ ಕೋಣೆ. ಅದರೊಳಗೆ ಒಬ್ಬ ಗಿಡ್ಡ ಮನುಷ್ಯ, ಒಂದಷ್ಟು ಪೆಟ್ಟಿಗೆ, ನೆಲದ ಮೇಲೆ ಅಷ್ಟೇ ಚುಕ್ಕಿ. ಒಂದೊಂದು ಚುಕ್ಕಿಯ ಮೇಲೂ ಒಂದೊಂದು ಪೆಟ್ಟಿಗೆ ನಿಂತರೆ ಮುಂದಿನ ಕೋಣೆ ತೆರೆಯುತ್ತದೆ. ಆದರೆ ಆ ಮನುಷ್ಯನಿಗೆ ತಳ್ಳುವುದಷ್ಟೇ ಗೊತ್ತು, ಎಳೆಯುವುದು ಗೊತ್ತಿಲ್ಲ. ಪೆಟ್ಟಿಗೆ ಮೂಲೆಗೆ ಸಿಕ್ಕಿಕೊಂಡರೆ ಸಿಕ್ಕಿಕೊಂಡಂತೆಯೇ, ಕೋಣೆ ಮೊದಲಿನಿಂದ. ಕೊಲ್ಲುವವರಿಲ್ಲ, ಅಟ್ಟಿಸಿಕೊಂಡು ಬರುವವರಿಲ್ಲ. ನಮ್ಮ ದಡ್ಡತನವೇ ನಮಗೆ ವೈರಿ. ಅದಕ್ಕೇ ಅದು ತಲೆಗೆ ಹತ್ತುತ್ತಿತ್ತು.

ಆರು ಕೋಣೆಗಳನ್ನು ಗಂಡಸರು ಹೇಗೋ ದಾಟಿದರು. ಏಳನೆಯದರಲ್ಲಿ ಬಿದ್ದರು. ಅಲ್ಲಿ ಚುಕ್ಕಿಗಳೆಲ್ಲ ಬಲಗಡೆ ಒಂದು ಕಿರಿದಾದ ಓಣಿಯೊಳಗೆ, ಒಂದರ ಹಿಂದೆ ಒಂದು. ಸಂಜೆ ಮಂಡಿ ಮುಚ್ಚಿ ಬಂದು ಮೂವರೂ ಟೀವಿ ಮುಂದೆ ಕೂತರೆ ಊಟಕ್ಕೆ ಏಳುತ್ತಿರಲಿಲ್ಲ. ನಾನು ಚಾ ಕೊಡುತ್ತಾ, ಲೋಟ ಎತ್ತುತ್ತಾ ನಿಂತು ನೋಡುತ್ತಿದ್ದೆ. ಮೂವರೂ ಮಾಡುತ್ತಿದ್ದ ತಪ್ಪು ಒಂದೇ. ಮಂಡಿಯವರಲ್ಲವೇ, ಲಾರಿಗೆ ಏರಿಸಲು ಸುಲಭವಾಗಲಿ ಎಂದು ಮೂಟೆಯನ್ನು ಬಾಗಿಲ ಬಾಯಲ್ಲೇ ಇಟ್ಟು ರೂಢಿ. ಇಲ್ಲಿಯೂ ಹತ್ತಿರದ ಪೆಟ್ಟಿಗೆಯನ್ನು ಓಣಿಯ ಬಾಯಲ್ಲೇ ನಿಲ್ಲಿಸುತ್ತಿದ್ದರು. ಆಮೇಲೆ ಒಳಗೆ ಹೋಗಲು ದಾರಿ ಎಲ್ಲಿ?

ನಮ್ಮ ತವರಿನಲ್ಲಿ ಕಾಳು ಕೂಡಿಡುವಾಗ ಬಿತ್ತನೆ ಬೀಜದ ಚೀಲ ಒಳಮೂಲೆಗೆ, ಉಣ್ಣುವ ಚೀಲ ಬಾಗಿಲಿಗೆ. ಕೊನೆಗೆ ಬೇಕಾದದ್ದು ಮೊದಲು ಒಳಗೆ ಹೋಗಬೇಕು. ಒಂದು ದಿನ ತಡೆಯಲಾಗದೆ ಹೇಳಿಯೇಬಿಟ್ಟೆ.

"ಒಳಮೂಲೆದು ಮೊದ್ಲು ತುಂಬ್ರಿ. ಬಾಗ್ಲಾಗೆ ಇಟ್ಕಂಡ್ರೆ ಹೆಂಗೆ?"

ಮೈದುನ ತಿರುಗಿ ನೋಡಿದ. "ಓಹೋ! ನಮ್ಮೂರ ಕಡೆ ಸೂಳೆಕೆರೆ ನೀರು ಕುಡ್ದೋರ ಕೈಲೇ ಆಗಿಲ್ಲ, ಜಗಳೂರು ಬಾವಿ ನೀರು ಕುಡ್ದೋರು ಹೇಳಾಕೆ ಬಂದ್ರು! ಅತ್ತಿಗೆ, ಇನ್ನೊಂದ್ ಲೋಟ ಚಾ ತರ್ರಿ, ಸಾಕು."

ಎಲ್ಲರೂ ನಕ್ಕರು. ನಾನು ಚಾ ತಂದೆ. ಸಕ್ಕರೆ ಹಾಕಲಿಲ್ಲ.

ಮರುದಿನ ಅಡುಗೆಮನೆಯ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಆ ಕೋಣೆಯನ್ನು ಬರೆದೆ. ಹುಣಸೆ ಬೀಜಗಳೇ ಪೆಟ್ಟಿಗೆ, ಒಂದು ಕಡಲೆಕಾಳು ಆ ಗಿಡ್ಡ ಮನುಷ್ಯ. ಸಾರು ಕುದಿಯುವಷ್ಟು ಹೊತ್ತು ತಳ್ಳುವುದು, ಸಿಕ್ಕಿಕೊಂಡರೆ ಜೋಡಿಸಿ ಮತ್ತೆ ತಳ್ಳುವುದು. ಒಳಮೂಲೆ ಮೊದಲು ಎನ್ನುವುದು ಸರಿಯೇ. ಆದರೆ ಒಂದು ಪೆಟ್ಟಿಗೆ ದಾರಿಗೆ ಅಡ್ಡ ನಿಂತಿತ್ತು, ಅಲ್ಲೇ ನನ್ನ ಲೆಕ್ಕವೂ ಕೆಡುತ್ತಿತ್ತು. ನಾಲ್ಕನೇ ದಿನ ಹೊಳೆಯಿತು. ಅದನ್ನು ಮೊದಲು ಬೇಡದ ಕಡೆಗೆ, ಚುಕ್ಕಿಯಿಂದ ದೂರಕ್ಕೆ ತಳ್ಳಬೇಕು. ಸೋತವರಂತೆ ಎರಡು ಹೆಜ್ಜೆ. ಆಮೇಲೆ ದಾರಿ ತಾನೇ ಬಿಚ್ಚಿಕೊಳ್ಳುತ್ತದೆ. ಅವತ್ತು ಸಾರು ತಳ ಹಿಡಿಯಿತು. ನಾನು ಒಬ್ಬಳೇ ನಕ್ಕೆ.

ಮಧ್ಯಾಹ್ನ ಗಂಡಸರು ಮಂಡಿಯಲ್ಲಿದ್ದರು, ಅತ್ತೆ ಒಳಗೆ ಒರಗಿದ್ದರು. ಟೀವಿಯ ಬಟ್ಟೆ ತೆಗೆದು ಕೂತೆ. ಒಂದರಿಂದ ಆರು ದಾಟಲು ಅರ್ಧ ಗಂಟೆ ಹಿಡಿಯಿತು. ಏಳನೆಯದು ರಂಗೋಲಿಯಲ್ಲಿ ಮಾಡಿದಂತೆಯೇ ಆಯಿತು. ಪೀಂ ಪೀಂ ಎಂದು ಒಂದು ರಾಗ ಬಂತು, ಎಂಟನೇ ಕೋಣೆ ತೆರೆಯಿತು, ನಾನು ಕಣ್ಣು ತುಂಬ ನೋಡುವ ಮೊದಲೇ ಕರೆಂಟು ಹೋಯಿತು. ಆ ಡಬ್ಬಿಗೆ ನೆನಪು ಇರಲಿಲ್ಲ. ಕರೆಂಟು ಹೋದರೆ ಮತ್ತೆ ಮೊದಲನೇ ಕೋಣೆಯಿಂದಲೇ.

ಸಂಜೆ ಹೇಳಿದೆ. ಮೈದುನ ಚಪ್ಪಾಳೆ ಹೊಡೆದು ನಕ್ಕ. "ಅಯ್ಯೋ ಪಾಪ, ಗೆದ್ದ ತಕ್ಷಣ ಕರೆಂಟ್ ಹೋಯ್ತಂತೆ! ಅಣ್ಣ, ನಿನ್ ಹೆಂಡ್ತಿ ಕತೆ ಚೆಂದ ಕಟ್ತಾರೆ ಬಿಡು."

ಯಜಮಾನರ ಮುಖ ನೋಡಿದೆ. ಅವರು ನೆಲ ನೋಡುತ್ತಾ, "ಸುಮ್ನಿರು, ಆಟದ ಸಾಮಾನಿಗೆ ಸುಳ್ಳು ಯಾಕೆ?" ಎಂದರು.

ಅದು ಚುಚ್ಚಿತು. ಸೋತೆ ಎಂದಿದ್ದರೆ ನುಂಗುತ್ತಿದ್ದೆ. ಸುಳ್ಳಿ ಎಂದರು. ತಲೆಯ ಸೆರಗು ಸರಿಮಾಡಿಕೊಂಡು ಮಾವನ ಎದುರಿಗೇ ನಿಂತೆ. "ಎಲ್ರ ಮುಂದೆ ಆಡ್ತೀನಿ ಮಾವ. ಗೆದ್ರೆ ನಾನು ಸುಳ್ಳು ಹೇಳಿಲ್ಲ ಅಂತ ಇವ್ರು ಒಪ್ಕಬೇಕು. ಮಧ್ಯಾಹ್ನ ಆ ಡಬ್ಬಿ ಹೆಂಗಸರಿಗೆ ಬಿಡಬೇಕು."

"ಸೋತ್ರೆ?" ಎಂದರು ಮಾವ.

"ಜನ್ಮದಾಗೆ ಮುಟ್ಟಲ್ಲ."

ಭಾನುವಾರ ಮಂಡಿಗೆ ರಜೆ. ಪಡಸಾಲೆ ತುಂಬಿತ್ತು. ನ್ಯಾಮತಿಯಿಂದ ಮೈದುನನ ಇಬ್ಬರು ಗೆಳೆಯರು ತಮಾಷೆ ನೋಡಲೆಂದೇ ಬಸ್ಸು ಹತ್ತಿ ಬಂದಿದ್ದರು. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು. ಅವರು ಯಾರ ಕಡೆ ಎಂದು ನನಗೆ ಗೊತ್ತಿರಲಿಲ್ಲ. ಆರು ಕೋಣೆ ದಾಟಿದೆ. ಏಳನೆಯದರಲ್ಲಿ ಅವಸರಕ್ಕೆ ಗುಂಡಿಯನ್ನು ಒಂದು ಸಲ ಜಾಸ್ತಿ ಒತ್ತಿದೆ, ಪೆಟ್ಟಿಗೆ ಗೋಡೆಗೆ ಅಂಟಿತು.

"ಮುಗೀತು! ಏಳ್ರಿ ಅತ್ತಿಗೆ."

"ನೀವು ತಿಂಗ್ಳಿಂದ ಸಿಕ್ಕಾಕ್ಕಂಡ್ರೂ ಎದ್ದಿಲ್ಲ, ನಾನ್ಯಾಕೆ ಏಳ್ಲಿ?" ಎಂದು ಕೋಣೆಯನ್ನು ಮೊದಲಿನಿಂದ ಶುರು ಮಾಡಿದೆ. ಅಡ್ಡ ನಿಂತ ಪೆಟ್ಟಿಗೆಯನ್ನು ದೂರಕ್ಕೆ ತಳ್ಳಿದಾಗ ಗೆಳೆಯರು ಕಿಸಕ್ಕೆಂದರು. ಒಂದು ಒಳಮೂಲೆಗೆ ಹೋಯಿತು. ಅದರ ಹಿಂದೆ ಇನ್ನೊಂದು. ನಗು ನಿಂತಿತು. ಕೊನೆಯದು ಓಣಿಯ ಬಾಯಲ್ಲಿ ಕೂತಾಗ ಪೀಂ ಪೀಂ ಎಂದು ರಾಗ ಬಂತು, ಎಂಟನೇ ಕೋಣೆ ತೆರೆಯಿತು.

ಮೈದುನ ಕೆಮ್ಮಿದ. "ಏನೋ, ಕುರುಡು ಅದೃಷ್ಟ."

ನನಗೆ ಏನಾಯಿತೋ, ಎದ್ದು ಹೋಗಿ ಗೋಡೆಯ ಸ್ವಿಚ್ಚು ಆರಿಸಿದೆ. ಎಂಟನೇ ಕೋಣೆ ಹೋಯಿತು, ಗೆದ್ದದ್ದೆಲ್ಲ ಹೋಯಿತು. "ಅಯ್ಯಯ್ಯೋ!" ಎಂದು ಯಜಮಾನರೇ ಕೂಗಿದರು. ಸ್ವಿಚ್ಚು ಹಾಕಿ ಮತ್ತೆ ಒಂದರಿಂದ ಕೂತೆ. ಅರ್ಧ ಗಂಟೆ ಯಾರೂ ಕದಲಲಿಲ್ಲ. ಈ ಸಲ ಒಂದು ಗುಂಡಿಯೂ ತಪ್ಪಲಿಲ್ಲ. ರಾಗ ಮುಗಿದ ಮೇಲೆ ಮೈದುನನ ಕಡೆ ತಿರುಗಿ, "ಇನ್ನೊಂದ್ ಸಲ ಬೇಕೇನಪ್ಪಾ?" ಎಂದೆ.

ಅವನು ಬಾಯಿ ಬಿಡುವ ಮೊದಲೇ ಬಾಗಿಲಿನಿಂದ ಅತ್ತೆ, "ಅವನಿಗೆ ಬ್ಯಾಡ ಕಣೇ. ನೀನು ಅತ್ಲಾಗೆ ಸರಿ, ನನಗೊಂದೀಟು ಕೊಡು, ಕಲೀತೀನಿ" ಎಂದು ಬಂದು ಪಕ್ಕದಲ್ಲಿ ಕೂತುಬಿಟ್ಟರು. ಮಾವ ನಕ್ಕ ನಗುವಿಗೆ ಅವರ ಎಲೆ ಅಡಿಕೆ ಶರಟಿನ ಮೇಲೆ ಬಿತ್ತು. ಯಜಮಾನರು ಎಲ್ಲರ ಮುಂದೆಯೇ, "ನಂದು ತಪ್ಪಾತು" ಎಂದರು. ಅವತ್ತಿನಿಂದ ಮಧ್ಯಾಹ್ನ ನಮ್ಮದು. ಅತ್ತೆ ಐದನೇ ಕೋಣೆಯವರೆಗೂ ಹೋದರು, ಯಾರನ್ನೂ ಕೇಳದೆ.

ಈಗ ಅದೇ ಆಟ ಮೊಮ್ಮಗಳ ಕೈಯಲ್ಲಿದೆ. ಒಂಬತ್ತು ವರ್ಷದವಳು. ಓಣಿಯ ಕೋಣೆ ಅದರಲ್ಲೂ ಇದೆ. "ಹೇಳಜ್ಜಿ, ಹೇಳಜ್ಜಿ" ಎಂದು ವಾರದಿಂದ ಪ್ರಾಣ ತಿಂದಳು. ಹೇಳಲಿಲ್ಲ. ಉತ್ತರ ಮೊಬೈಲಿನಲ್ಲೇ ಸಿಗುತ್ತದಂತೆ, ಅದನ್ನೂ ನೋಡಬಾರದು ಎಂದೆ. ಒಂದು ಹಿಡಿ ಹುಣಸೆ ಬೀಜ ಕೊಟ್ಟೆ, ಅಷ್ಟೇ. ಇವತ್ತು ನಾನು ಹಾಲು ಕಾಯಿಸುತ್ತಿದ್ದಾಗ ಓಡಿ ಬಂದಳು. "ಅಜ್ಜೀ! ದಾಟ್ದೆ! ಅಡ್ಡ ಇದ್ದಿದ್ನ ಮೊದ್ಲು ಆಕಡೆ ತಳ್ಬೇಕಿತ್ತು!"

ಅವಳಮ್ಮ, ಎಂದರೆ ನನ್ನ ಮಗಳು, "ಅಜ್ಜಿ ಹೇಳ್ಕೊಟ್ಟಿರ್ತಾರೆ ಬಿಡು" ಎಂದಳು.

ಮೊಮ್ಮಗಳ ಮುಖ ಕೆಂಪಾಯಿತು. ಆ ಕೆಂಪು ನನಗೆ ಗೊತ್ತು. ನಾನು ಬಾಯಿ ತೆರೆಯುವುದರೊಳಗೆ ಅವಳೇ ಆಟ ಅಳಿಸಿ, ಒಂದನೇ ಕೋಣೆ ತೆರೆದು, ಅಮ್ಮನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಹಾಲು ಉಕ್ಕಿತು. ಉಕ್ಕಲಿ.