ಪಿಎಸ್ಐ ಆಗೂತನಕ ಹುಂಜ ಮುಟ್ಟಂಗಿಲ್ಲ

ಪುಕ್ಕ ಕೀಳಾಕ ಒಲಿ ಮ್ಯಾಲೆ ನೀರಿಟ್ಟು, ಮಸಾಲಿ ಅರದು, ಇನ್ನೂ ಹುಂಜ ಯಾಕ ಬರವಲ್ದು ಅಂತ ಹಿತ್ತಲಕ್ಕ ಬಂದೆ. ನೋಡ್ತೇನಿ... ಹುಂಜದ ತಲಿ ತುಂಬ ದೇವರ ಅರಿಷಿಣ, ಭಂಡಾರ!

ನಮ್ಮ ಮಗಳು ಸಂಜನಾ, ಮೂರನೇ ಕ್ಲಾಸ್, ಅದನ್ನ ಕಂಕುಳಾಗ ಹಿಡಕೊಂಡು ಕಟ್ಟಿ ಮ್ಯಾಲೆ ಕುಂತಾಳ. ಎದುರಿಗೆ ನಮ್ಮ ಮನಿಯವ್ರು ಚಾಕು ಹಿಡಕೊಂಡು ಪಿಳಿಪಿಳಿ ಕಣ್ಣು ಬಿಡಾಕತ್ತಾರ.

"ಇದನ್ನ ದ್ಯಾಮವ್ವಗ ಬಿಟ್ಟೇನಿ. ನಾ ಪಿಎಸ್ಐ ಆದಮ್ಯಾಲೆ ಕೊಡ್ತೇನಿ ಅಂತ ಹರಕಿ ಹೊತ್ತೇನಿ" ಅಂದ್ಲು.

ತಡಸದ ಹತ್ರ ನಮ್ಮದು ಹೊಲದಾಗಿನ ಮನಿ. ನಾಕು ಆಡು, ಒಂದು ಹಿಂಡು ಜವಾರಿ ಕೋಳಿ, ಎಲ್ಲಾ ಮನಿ ಊಟಕ್ಕಂತನ ಸಾಕಿದ್ದು. ಮುಂಜಾನೆ ಗೂಡು ತಗದು ಕಾಳು ಹಾಕೂದು, ತತ್ತಿ ಆರಿಸೂದು, ಸಂಜಿಮುಂದ ಬುಟ್ಟಿ ಮುಚ್ಚೂದು... ಇದೆಲ್ಲಾ ಸಂಜನಾನ ಖಾತೆ.

ಹಂಗಂತ ಆಕಿ ಕೋಳಿ ಕೊಯ್ದ್ರ ಅಳೂ ಪೈಕಿ ಅಲ್ಲರಿ. ಸಾರಿನಾಗಿನ ಕಾಲಿನ ತುಂಡು ಬ್ಯಾರೆಯವ್ರ ತಾಟಿಗೆ ಹೋದ್ರ ಊರು ಒಂದು ಮಾಡ್ತಾಳ.

ಆದ್ರ ಈ ಹುಂಜದ ಮಾತ ಬ್ಯಾರೆ. ಇದರ ಜೋಡಿ ಹುಟ್ಟಿದ ಮರಿಗೋಳನ್ನೆಲ್ಲಾ ಹದ್ದು ಒಯ್ದಿತ್ತು, ಉಳದದ್ದು ಇದೊಂದ. ಆಕಿ ಇದನ್ನ ನನ್ನ ಓಢಣಿಯಾಗ ಸುತ್ತಿ ತೊಡಿ ಮ್ಯಾಲೆ ಇಟ್ಕೊಂಡು ಹೋಂವರ್ಕ್ ಮಾಡ್ತಿದ್ಲು.

ಅವತ್ತ ಹಂಸಭಾವಿಯಿಂದ ನಮ್ಮ ನಾದಿನಿ ಗಂಡ ಬಂದಿದ್ರು. ಅಳಿಯ ಅಂದ್ರ ನಮ್ಮ ಅತ್ತಿಯಾರಿಗೆ ದೇವರಕಿಂತ ಒಂದು ಗೇಣು ಮ್ಯಾಲೆ. ನಮ್ಮ ಅಣ್ಣ ಬಂದ್ರ ತತ್ತಿ ಸಾರು, ಅಳಿಯ ಬಂದ್ರ ಹುಂಜ... ಇರ್ಲಿ ಬಿಡ್ರಿ, ನಾ ಏನೂ ಅನ್ನಂಗಿಲ್ಲ.

ಗದ್ದಲ ಕೇಳಿ ಅತ್ತಿ ಹೊರಗ ಬಂದ್ರು. ಭಂಡಾರ ನೋಡಿದ್ರು, ಹರಕಿ ಕೇಳಿದ್ರು, ಅಲ್ಲೇ ನಿಂತಬಿಟ್ರು.

ಯಾಕಂದ್ರ ದೇವರಿಗೆ ಬಿಟ್ಟದ್ದನ್ನ ಮುಟ್ಟಬಾರದು ಅಂತ ಮೊಮ್ಮಗಳಿಗೆ ಕಲಿಸಿದವ್ರು ಅವರ. ಮೊಮ್ಮಗಳು ಪಿಎಸ್ಐ ಆಗ್ತಾಳ ಅಂತ ಹುಲಗೂರು ತನಕ ಡಂಗುರ ಸಾರಿದವ್ರೂ ಅವರ. ಈಗ ಹುಂಜದ ಮ್ಯಾಲೆ ಕೈ ಇಟ್ರ ಮೊಮ್ಮಗಳ ನೌಕರಿಗೇ ಕಲ್ಲು ಹಾಕಿದಂಗ. ಬಿಸಿ ತುಪ್ಪ... ನುಂಗಂಗಿಲ್ಲ, ಉಗಳಂಗಿಲ್ಲ.

ಉಳದ ಕೋಳಿ ಹೊಲದ ತುಂಬ ಮೇಯಾಕ ಹೋಗಿದ್ವು, ಹಿಡ್ಯಾಕ ಸಿಗಲಿಲ್ಲ. ಕಡೀಕ ಅಳಿಯಾರಿಗೆ ಪ್ಯಾಟ್ಯಾಗಿಂದ ಫಾರಂ ಕೋಳಿ ತಂದು ಮಾಡಿದ್ವಿ. ಅವರು ಪಾಪ, ಭಾಳ ರುಚಿ ಆಗೇತಿ ಅಂತ ಉಂಡ್ರು. ಅತ್ತಿ ಮಾತ್ರ ಮಾರಿ ಗಂಟು ಹಾಕೊಂಡಿದ್ರು.

ಸಂಜನಾ ತಾಟು ಹಿಡಕೊಂಡು ಬಂದು ಕುಂತ್ಲು ನೋಡ್ರಿ, ಅವಾಗ ಬಾಯಿ ಬಿಟ್ರು. "ಹರಕಿ ಹೊತ್ತವ್ರು ಅದು ತೀರೂತನಕ ಕೋಳಿ-ಕುರಿ ಬಾಯಾಗ ಹಾಕಬಾರದವ್ವಾ. ದ್ಯಾಮವ್ವ ಸಿಟ್ಟಾಗ್ತಾಳ."

ಮೊಮ್ಮಗಳು ಚಾಪಿ ಕೆಳಗ ತೂರಿದ್ರ ಅಜ್ಜಿ ರಂಗೋಲಿ ಕೆಳಗ! ಇಂಥಾ ಪದ್ಧತಿ ಯಾವ ಊರಾಗೂ ಇಲ್ರಿ. ಬೋರಿಗೆ ನೀರು ಬೀಳಲಿ ಅಂತ ಕುರಿ ಹರಕಿ ಹೊತ್ತಾಗ ಇದ ಅತ್ತಿ ಎಷ್ಟು ಕೋಳಿ ಚೀಪ್ಯಾರ ಅನ್ನೂದು ಅಡಗಿ ಮಾಡಿ ಹಾಕಿದ ನನಗ ಗೊತ್ತಿಲ್ಲೇನು?

ಮುಗೀತು, ಒಂದು ತುಂಡಿನ ಆಸೇಕ ಹುಂಜದ ಜೀವ ಹೋತು ಅನಕೊಂಡೆ.

ಸಂಜನಾ ಸಾರಿನ ಕಡೆ ನೋಡಿದ್ಲು, ಹಿತ್ತಲ ಕಡೆ ನೋಡಿದ್ಲು. "ಹಂಗಾದ್ರ ನನಗ ಮಸರು ರೊಟ್ಟಿ ಕೊಡು" ಅಂದ್ಲು. ನಾ ಗಡಗಿಯಾಗಿನ ಕೆನಿ ಮಸರ ತಗದು ಆಕಿ ತಾಟಿಗೆ ಹಾಕಿದೆ.

ಮುಂದಿನ ರವಿವಾರನೂ ಮಸರು ರೊಟ್ಟಿ. ಅದರ ಮುಂದಿನ ರವಿವಾರನೂ ಮಸರು ರೊಟ್ಟಿ. ಗೆಳತಿ ಬರ್ತ್‌ಡೇದಾಗ ಬಿರಿಯಾನಿ ಇತ್ತಂತ, ಅಲ್ಲೂ ಬರೇ ಕೇಕ್ ತಿಂದು ಬಂದಾಳ ಹುಡುಗಿ.

ಆದ್ರ ಸೊರಗಿದಾಕಿ ಆಕಿ ಅಲ್ಲ, ಸೊರಗಿದವ್ರು ಅತ್ತಿ. ಮೊಮ್ಮಗಳು ಬಾಜೂಕ ಕುಂತು ಮಸರು ಕಲಸಾಕತ್ರ ಅಜ್ಜಿಗೆ ತುತ್ತು ಇಳಿಯಂಗಿಲ್ಲ. "ಯಾಕೋ ಹಸಿವಿಲ್ಲ" ಅಂತ ತಾಟು ಸರಸ್ತಾರ. ಕೋಳಿ ಸಾರು ಅಂದ್ರ ಎರಡು ರೊಟ್ಟಿ ಹೆಚ್ಚಿಗೆ ಬಾರಿಸೋ ಹೆಣ್ಮಗಳು!

ನಾನೂ ಬೇಕಂತನ ಸ್ವಲ್ಪ ಘಮ ಹೆಚ್ಚಿಗೆ ಮಾಡ್ತಿದ್ದೆ, ಸುಳ್ಳ್ಯಾಕ ಹೇಳ್ಲಿ.

ಮೊನ್ನೆ ರವಿವಾರ ಅವರ ಕೈಲೆ ಆಗಲಿಲ್ಲ. ಸಂಜನಾ ಮಸರಿನ ಗಡಗಿಗೆ ಕೈ ಹಾಕಿದ್ದ ತಡ, ಅತ್ತಿ ಧಡಕ್ಕನ ಎದ್ದು ದೇವರ ಜಗಲಿ ಮುಂದ ನಿಂತ್ರು. ನಮಗೆಲ್ಲಾ ಕೇಳೂವಂಗ ಗಲ್ಲ ಗಲ್ಲ ಬಡಕೊಂಡ್ರು.

"ಯವ್ವಾ ದ್ಯಾಮವ್ವಾ, ಆ ಮಾತು ನಿಂದಲ್ಲ, ನಂದು. ಕೂಸು ಬಾಯಿ ಕಟ್ಟಿ ಕುಂತೈತಿ, ತಪ್ಪಾತವ್ವಾ!"

ವಾಪಸ್ ಬಂದು ಕಾಲಿನ ತುಂಡು ತಾವ ಆರಿಸಿ ಮೊಮ್ಮಗಳ ತಾಟಿಗೆ ಹಾಕಿದ್ರು. "ತಿನ್ನ ನನ್ನವ್ವಾ. ಹುಂಜ ಇದ್ದಷ್ಟು ದಿನ ಇರ್ಲಿ, ನೀ ಪಿಎಸ್ಐ ಆಗು" ಅಂತ ಸೆರಗಿಲೆ ಕಣ್ಣು ಒರಸಿಕೊಂಡ್ರು.

ಆಮ್ಯಾಲೆ ನೋಡಬೇಕಿತ್ತು ನೀವು, ಅಜ್ಜಿ ಮೊಮ್ಮಗಳು ಇಬ್ರೂ ಎಲುಬು ಸೈತ ಬಿಡಲಿಲ್ಲ.

ಉಂಡಾದಮ್ಯಾಲೆ ಹಿತ್ತಲದಾಗ ಮಗಳನ್ನ ಹಿಡದು ಕೇಳಿದೆ. ಅಲ್ಲಾ, ನೀ ಹರಕಿ ಹೊತ್ತಿದ್ದು ಯಾವಾಗ? ಗುಡಿಗೆ ಹೋಗಿದ್ದು ನಾ ಒಂದು ದಿನನೂ ನೋಡಿಲ್ಲಲ್ಲ?

ಆಕಿ ಹುಂಜಕ್ಕ ಒಂದು ಮುಟಗಿ ಜ್ವಾಳ ಒಗದು, ಒಳಗೊಮ್ಮೆ ಇಣುಕಿ ನೋಡಿ, ನನ್ನ ಕಿವ್ಯಾಗ ಅಂದ್ಲು, "ಅಜ್ಜಿ ಮುಂದ ಹೇಳಬ್ಯಾಡ ಯವ್ವಾ."

ನಮ್ಮ ಅತ್ತಿ ಫೇಸ್‌ಬುಕ್ ನೋಡಂಗಿಲ್ಲ ಅನ್ನೋ ಧೈರ್ಯದ ಮ್ಯಾಲೆ ಕೇಳಾಕತ್ತೇನಿ... ಇಬ್ರೊಳಗ ಯಾರ ಸುಳ್ಳಿಗೆ ದ್ಯಾಮವ್ವ ಹೆಚ್ಚಿಗೆ ನಕ್ಕಿರಬೇಕ್ರಿ?