ಡಿಂಪ್ನಾ ಕೊಟ್ಟ ಎರಡು ಜೆರ್ಸಿ

ಡಿಂಪ್ನಾ ಗ್ಯಾಲಗ್ಲಿಯ ಹಿತ್ತಲಲ್ಲಿ ಸೋಮವಾರವೆಂದರೆ ಹಗ್ಗದ ತುಂಬ ಪುಟ್ಟ ಪುಟ್ಟ ಹಸಿರು ಜೆರ್ಸಿಗಳು. ಲೀಟ್ರಿಮ್ ಕೌಂಟಿಯ ಡ್ರಮ್‌ಲಾರಾ ಕ್ಲಬ್ಬಿನ ಚಿಕ್ಕ ಹುಡುಗಿಯರ, ಕೈಕಾಲೆರಡರಲ್ಲೂ ಚೆಂಡಾಡುವ ಗೇಲಿಕ್ ಫುಟ್‌ಬಾಲ್ ತಂಡಕ್ಕೆ ಕೋಚೂ ಅವಳೇ, ಡ್ರೈವರೂ ಅವಳೇ, ಕೆಸರು ಬಟ್ಟೆ ಒಗೆಯುವವಳೂ ಅವಳೇ. ಹಗಲೆಲ್ಲ ದನದ ಹಿಂಡಿ ಮಾರುವ ಅಂಗಡಿಯಲ್ಲಿ ನಿಂತು, ಸಂಜೆ ಮಕ್ಕಳನ್ನು ಮನೆಮನೆಯಿಂದ ಕಾರಿಗೆ ತುಂಬಿಕೊಂಡು ಮೈದಾನಕ್ಕೆ ಹೊರಡುತ್ತಾಳೆ. ಯಾರ ಮೊಣಕಾಲಿಗೆ ಯಾವ ಮುಲಾಮು ಉರಿಯುತ್ತದೆ, ಅಮ್ಮ ನೋಡಲು ಬಂದರೆ ಯಾರಿಗೆ ಕಾಲೇ ಏಳುವುದಿಲ್ಲ, ಎಲ್ಲ ಅವಳಿಗೆ ಗೊತ್ತು.

ಇದಕ್ಕೆ ಸಂಬಳ ಇಲ್ಲ. ಈ ಆಟದಲ್ಲಿ ಆಡುವವರಿಗೂ ಇಲ್ಲ. ತಮ್ಮೂರಿಗಾಗಿ ಆಡುವುದು, ಅಷ್ಟೇ. ಆದರೆ ರಾಜಧಾನಿ ಡಬ್ಲಿನ್‌ನಲ್ಲಿ ಮಕ್ಕಳಿಗೆ ಕಲಿಸುವುದಕ್ಕೆಂದೇ ಸಂಬಳದ ಕೋಚುಗಳಿದ್ದಾರೆ. ಆಟ ಬೆಳೆಸುವ ಹಣದ ಸಿಂಹಪಾಲು ವರ್ಷಗಟ್ಟಲೆ ಅಲ್ಲಿಗೇ ಹೋಯಿತು, ಈಗ ವರ್ಷವರ್ಷವೂ ಕಪ್ ಕೂಡ ಅಲ್ಲಿಗೇ ಹೋಗುತ್ತಿದೆ ಎಂಬುದು ಡಿಂಪ್ನಾಳ ಮುಗಿಯದ ಜಗಳ.

"ಜನ ಇರೋ ಕಡೆ ದುಡ್ಡು ಹೋಗತ್ತೆ ಕಣೇ," ಎನ್ನುತ್ತಾನೆ ಅವಳಪ್ಪ ಪ್ಯಾಕಿ.

"ದುಡ್ಡು ಕೊಟ್ರೆ ನಮ್ಮಲ್ಲೂ ಮಕ್ಕಳು ನಿಲ್ತಾರಪ್ಪ. ನೀನು ಯಾರ ಕಡೆ?"

"ನಾನು ಟೀ ಕಡೆ. ಆರಿಹೋಗ್ತಿದೆ, ಕುಡಿ."

ಆ ವಸಂತದಲ್ಲಿ ಮಾತ್ರ ಜಗಳವಾಡಲೂ ಪುರುಸೊತ್ತಿರಲಿಲ್ಲ. ತಂಡಕ್ಕೆ ಒಂಬತ್ತು ಹುಡುಗಿಯರು ಬೇಕು, ಅವಳ ಬಳಿ ಉಳಿದವರು ಏಳು. ಲೀಗ್ ಶುರುವಾಗುವುದರೊಳಗೆ ಇನ್ನಿಬ್ಬರು ಸಿಗದಿದ್ದರೆ ಡ್ರಮ್‌ಲಾರಾಕ್ಕೆ ತಂಡವೇ ಇಲ್ಲ. ಕೆರೆಯಾಚೆಯ ಕಿಲ್‌ಬ್ರಾಕ್‌ನದೂ ಅದೇ ಪಾಡು, ಅಲ್ಲಿ ಆರೇ ಜನ. ಅಲ್ಲಿನ ಕೋಚ್ ಕನ್ಸೆಪ್ಟಾ ಗಕಿಯನ್ ಎರಡು ಸಲ ಫೋನ್ ಮಾಡಿ, "ಸೇರಿಸಿಬಿಡೋಣ ಕಣೇ, ಎರಡೂರಿಗೂ ಒಂದೇ ತಂಡ," ಅಂದಿದ್ದಳು. ಡಿಂಪ್ನಾ ನೋಡೋಣ ಅಂದಳು, ನೋಡಲಿಲ್ಲ. ಹಳೆಯ ಫೈನಲ್ಲೊಂದರಲ್ಲಿ ಪ್ಯಾಕಿಯ ಹೆಗಲ ಮೂಳೆ ಮುರಿದವನು ಕನ್ಸೆಪ್ಟಾಳ ಚಿಕ್ಕಪ್ಪ. ಪಕ್ಕದೂರಿನಿಂದ ಹೆಣ್ಣು ತಂದಾರು, ಗಂಡು ತಂದಾರು, ಜೆರ್ಸಿ ಹಂಚಿಕೊಳ್ಳುವುದೆಂದರೆ ಇಲ್ಲಿ ಯಾರಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ಏಪ್ರಿಲ್‌ನ ಒಂದು ಭಾನುವಾರ ಡಬ್ಲಿನ್‌ನ ಕ್ಲಬ್ಬೊಂದು ಸ್ನೇಹದ ಪಂದ್ಯಕ್ಕೆ ಬಂತು. ಬಸ್ಸಿನಿಂದ ಹುಡುಗಿಯರು ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಎಲ್ಲರಿಗೂ ಒಂದೇ ಬಗೆಯ ಕೋಟು, ಒಂದೇ ಬಗೆಯ ಚೀಲ. ಕೊನೆಗೆ ಇಳಿದವನು ಅವರ ಕೋಚ್ ಫೀಕ್ರಾ, ಎಳೆ ಗಡ್ಡದ ಹುಡುಗ.

"ನಿಮ್ಮವ್ರು ಇನ್ನೂ ಬರ್ಬೇಕಾ?" ಎಂದು ಕೇಳಿದ.

"ಇಷ್ಟೇ ನಮ್ಮ ಸಂಸಾರ," ಅಂದಳು ಡಿಂಪ್ನಾ. "ವಾರದಲ್ಲಿ ಏನು ಕೆಲಸ ಮಾಡ್ತೀರಿ ನೀವು?"

"ಇದೇ ನನ್ನ ಕೆಲಸ."

"ನಾನು ಹಿಂಡಿ ಮಾರ್ತೀನಿ. ನಿಮ್ಮ ಮಕ್ಕಳಿಗೂ ಒಂದು ಮೂಟೆ ಕೊಡೋಣ ಅಂದ್ರೆ, ಆಗ್ಲೇ ಸೊಂಪಾಗಿ ಬೆಳೆದಿದಾರೆ."

ಹುಡುಗ ಕಿವಿಯವರೆಗೆ ಕೆಂಪಾದ. ಒಳ್ಳೆಯವನೇ. "ನಮ್ಮಲ್ಲಿ ಇಬ್ರನ್ನ ತಗೊಳ್ಳಿ," ಅಂದ. "ಇವ್ರಿಗೆ ನಮ್ಮ ಕಡೆ ಆಡೋ ಸರದೀನೇ ಬರಲ್ಲ, ಪಾಪ."

ಡಿಂಪ್ನಾ ಚೀಲದಿಂದ ಮಿಕ್ಕ ಎರಡು ಜೆರ್ಸಿ ತೆಗೆದಳು. ತಲೆಯೆತ್ತಿದರೆ ಗೋಲಿನ ಹಿಂದೆ ಕಿಲ್‌ಬ್ರಾಕ್‌ನ ಈವಾ ಮತ್ತು ಅವಳ ಗೆಳತಿ, ಡಿಂಪ್ನಾಳ ಮಗಳು ಸೈವ್‌ಳ ಕ್ಲಾಸಿನವರು. ಡಬ್ಲಿನ್‌ನವರ ಆಟ ನೋಡಲು ಸೈಕಲ್ಲಿನಲ್ಲಿ ಬಂದಿದ್ದರು; ಹ್ಯಾಂಡಲ್ಲಿಗೆ ಬೂಟು ತೂಗುತ್ತಿತ್ತು. ಜೆರ್ಸಿ ಕಂಡ ಈವಾ ಬೇಲಿಯ ಹತ್ತಿರಕ್ಕೆ ಬಂದು ನಿಂತಳು.

ಡಿಂಪ್ನಾ ಅವಳನ್ನು ನೋಡಿದಳು. ನೋಡಿ, ಜೆರ್ಸಿಗಳನ್ನು ಡಬ್ಲಿನ್ ಹುಡುಗಿಯರಿಗೆ ಕೊಟ್ಟಳು.

ಡ್ರಮ್‌ಲಾರಾ ಗೆದ್ದಿತು. ಎರವಲು ಬಂದವರಲ್ಲೊಬ್ಬಳೇ ಎರಡು ಗೋಲು ಹೊಡೆದಳು. ಕ್ಲಬ್ಬಿನ ಕೋಣೆಯಲ್ಲಿ ಟೀ, ಹ್ಯಾಮ್ ಸ್ಯಾಂಡ್‌ವಿಚ್, ನಗು, ಎಲ್ಲ ಆಯಿತು. ಕಾರಿನಲ್ಲಿ ಸೈವ್ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು.

"ಗೆದ್ದಿದೀವಲ್ಲೇ, ಮುಖ ಯಾಕೆ ಹಂಗಿದೆ?"

"ಈವಾ ಬೂಟು ತಂದಿದ್ಲು."

"ನಾನು ನೋಡ್ಲಿಲ್ಲ ಪುಟ್ಟಾ."

"ನೀನು ನೋಡ್ದೆ ಅಮ್ಮಾ. ನಾನು ನಿನ್ನೇ ನೋಡ್ತಿದ್ದೆ."

ಮರುದಿನ ಬಟ್ಟೆ ಹರವುವಾಗ ಆ ಎರಡು ಜೆರ್ಸಿಗೆ ಕ್ಲಿಪ್ಪು ಹಾಕಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅಂಗಡಿ ಮುಗಿಸಿ ಕಿಲ್‌ಬ್ರಾಕ್‌ಗೆ ಹೊರಟು ನಿಂತಾಗ ಪ್ಯಾಕಿ ಪೇಪರಿನಿಂದ ಕಣ್ಣೆತ್ತದೆ, "ಹೋಗು ಹೋಗು, ಮುರಿದಿದ್ದು ನನ್ನ ಮೂಳೆ, ನಿಂದಲ್ವಲ್ಲ," ಅಂದ. ಪುಟ ತಿರುವಿ, "ಹೆಸರಲ್ಲಿ ಮಾತ್ರ ನಮ್ಮೂರು ಮೊದಲು ಬರ್ಲಿ," ಎಂದೂ ಸೇರಿಸಿದ.

ಕನ್ಸೆಪ್ಟಾ ಬಾಗಿಲಲ್ಲೇ ತಡೆದಳು. "ಏನು ಮಹಾರಾಣಿ, ಡಬ್ಲಿನ್‌ನಲ್ಲಿ ಹುಡುಗೀರು ಮುಗಿದುಹೋದ್ರಾ?"

"ಬೈಯಿ. ಬೈದು ಮುಗಿಸು, ಆಮೇಲೆ ಮಾತಾಡೋಣ."

ಬೈದಳು. ಬೈದು, ಟೀಗೆ ನೀರಿಟ್ಟಳು. ಯಾವ ಊರಿನ ಹೆಸರು ಮೊದಲು ಎಂಬುದಕ್ಕೆ ನಾಣ್ಯ ಹಾರಿಸುವುದೆಂದಾಯಿತು. ಆಮೇಲೆ ಕನ್ಸೆಪ್ಟಾಳ ದನಿ ಇಳಿಯಿತು. "ನನ್ನ ಹತ್ರ ಈಗ ಆರು ಜನ ಇಲ್ಲ ಕಣೇ, ನಾಲ್ಕೇ. ನಿನ್ನೆ ನಿಮ್ಮ ಬೇಲಿ ಹತ್ರ ನಿಂತಿದ್ದ ಆ ಇಬ್ರೂ ಇವತ್ತು ಬಾಸ್ಕೆಟ್‌ಬಾಲ್‌ಗೆ ಹೆಸರು ಕೊಟ್ಟಾಯ್ತು."

ಡಿಂಪ್ನಾ ಅಲ್ಲಿಂದ ಸೀದಾ ಈವಾಳ ಮನೆಗೆ ಹೋದಳು. ಹುಡುಗಿ ಅಂಗಳದಲ್ಲಿ ಸೈಕಲ್ಲು ಒರೆಸುತ್ತಿದ್ದಳು.

"ಬುಧವಾರ ಪ್ರಾಕ್ಟೀಸ್ ಇದೆ ಕಣೇ. ಎರಡೂರೂ ಸೇರಿ. ಬರ್ತೀಯಾ?"

"ಡಬ್ಲಿನ್ ಹುಡುಗೀರು ಬರಲ್ವಾ?" ಕೊಂಕಿರಲಿಲ್ಲ, ನಿಜವಾಗಿ ಕೇಳಿದ್ದಳು.

"ಇಲ್ಲ ಪುಟ್ಟಾ. ನಿನ್ನೆ ನಿನ್ನನ್ನ ಕರೀಬೇಕಿತ್ತು. ನಾನೇ ಕರೀಲಿಲ್ಲ, ತಪ್ಪಾಯ್ತು."

ಈವಾ ಬಟ್ಟೆ ಹಿಂಡಿದಳು, ಮತ್ತೆ ಹಿಂಡಿದಳು. "ಬುಧವಾರ ಬಾಸ್ಕೆಟ್‌ಬಾಲ್ ಇರತ್ತೆ," ಎಂದಳು, ತುಂಬ ಮರ್ಯಾದೆಯಿಂದ.

ಬುಧವಾರ ಹನ್ನೊಂದು ಹುಡುಗಿಯರು ಬಂದರು, ಹಸಿರಿನವರು ಒಂದು ಕಡೆ, ಕಿಲ್‌ಬ್ರಾಕ್‌ನ ಕೆಂಪಿನವರು ಇನ್ನೊಂದು ಕಡೆ. ತಂಡಕ್ಕೆ ಸಾಕಾಗಿತ್ತು. ಆದರೂ ಚೆಂಡು ಎಸೆಯುವ ಮೊದಲು ಡಿಂಪ್ನಾ ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡುತ್ತ ನಿಂತಳು. "ಅಮ್ಮಾ, ಎಸಿ," ಅಂದಳು ಸೈವ್. ಎಸೆದಳು.