ಸಲ್ಮಿಯಾ ಬಿಟ್ಟ ಗಾಳಿ

ಮಲೇಷ್ಯಾದ ಇಪೋ ಊರಿನಲ್ಲಿ ಶಾಲಾ ಮಕ್ಕಳ ವ್ಯಾನ್ ಓಡಿಸುವ ಸಲ್ಮಿಯಾ, ಆಯಿಲ್ ಬದಲಿಸಲು ಸರ್ವಿಸ್ ಸೆಂಟರಿಗೆ ಹೋಗಿದ್ದಳು. ಬಿಲ್ಲಿನ ಕೊನೆಯಲ್ಲಿ ‘ಟೈರ್ ತಪಾಸಣೆ, ಮೂವತ್ತು ರಿಂಗಿಟ್’ ಎಂದಿದ್ದುದನ್ನು ಕಂಡು ಮೈಯೆಲ್ಲ ಉರಿಯಿತು.

"ಇದನ್ನ ಮಾಡಿ ಅಂತ ಯಾರು ಹೇಳಿದ್ರು?"

"ಎಲ್ರಿಗೂ ಮಾಡ್ತೀವಕ್ಕಾ. ಗಾಳಿ ನೋಡಿ ತುಂಬಿಸಿದೀವಿ. ಮಕ್ಕಳನ್ನ ಕೂರಿಸ್ಕೊಂಡು ಹೋಗೋರು, ಸ್ವಲ್ಪ ಜವಾಬ್ದಾರಿ ಬೇಡ್ವಾ?" ಎಂದು ಮ್ಯಾನೇಜರ್ ಹಮ್ದಾನ್ ನಕ್ಕ.

ಜವಾಬ್ದಾರಿಯ ಪಾಠ, ಅದೂ ಇವನಿಂದ! ಸಲ್ಮಿಯಾ ಆಯಿಲ್ ದುಡ್ಡನ್ನಷ್ಟೇ ಮೇಜಿನ ಮೇಲೆ ಕುಕ್ಕಿ ಹೊರಬಂದಳು. ಸೆಂಟರಿನ ಕೆಲಸದ ಹುಡುಗರು ವ್ಯಾನನ್ನು ಆಗಲೇ ಗೇಟಿಗೆ ತಂದು ನಿಲ್ಲಿಸಿದ್ದರು. ಅಲ್ಲೇ ಕುಕ್ಕರಗಾಲಲ್ಲಿ ಕೂತು ನಾಲ್ಕೂ ಚಕ್ರಗಳ ಗಾಳಿ ಬಿಟ್ಟಳು.

"ತಗೊಳ್ಳಪ್ಪ, ನಿನ್ನ ಗಾಳಿ ನೀನೇ ಇಟ್ಕೋ!"

ಹೊರಹೋಗಲು ದಾರಿಯಿಲ್ಲದೆ ಹಿಂದಿನ ಕಾರುಗಳು ಹಾರ್ನ್ ಹೊಡೆದವು. ವಿಷಯ ತಿಳಿದ ಜನ ತಂತಮ್ಮ ಬಿಲ್ಲು ಬಿಚ್ಚಿ ನೋಡಿದರೆ ಎಲ್ಲದರಲ್ಲೂ ಅದೇ ಸಾಲು. ಗಲಾಟೆ ಜೋರಾಯಿತು.

"ನಿಮ್ಮದೊಂದು ಬಿಟ್ಬಿಡ್ತೀನಿ, ವ್ಯಾನ್ ತೆಗೀರಕ್ಕಾ," ಎಂದು ಹಮ್ದಾನ್ ಪಿಸುಗುಟ್ಟಿದ.

"ನಂದೊಂದೇ ಯಾಕೋ? ಎಲ್ರದ್ದೂ ಹೊಡೆದುಹಾಕು!" ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಬೇರೆ ದಾರಿಯಿಲ್ಲದೆ ಅವನು ಎಲ್ಲರ ಬಿಲ್ಲಿನಿಂದಲೂ ಆ ಸಾಲು ತೆಗೆದ. ತಾನೇ ಪೈಪ್ ಎಳೆದು ತಂದು ಟೈರುಗಳಿಗೆ ಗಾಳಿ ತುಂಬಿಸಿದ. ಜನ ಚಪ್ಪಾಳೆ ತಟ್ಟಿದರೂ ಸಲ್ಮಿಯಾಳ ಸಿಟ್ಟು ಇಳಿಯಲಿಲ್ಲ. ಶಾಲೆ ತಲುಪುವವರೆಗೂ ಅವನನ್ನು ಬೈಯುತ್ತಲೇ ಓಡಿಸಿದಳು.